ಸವೆದ ನಮೂನೆ

ಮೂರನೆಯ ಚೀಟಿ ಬಂದದ್ದು ಗುರುವಾರ, ದಾವಣಗೆರೆಯಿಂದ ಹನ್ನೊಂದು ಗಂಟೆಗೆ ಹರಿಹರ ಸೇರುವ ಬಸ್ಸಿನಲ್ಲಿ. ಹಿಂದಿನ ಎರಡರ ಹಾಗೆ ಇದೂ ಬಿಲ್ ಪುಸ್ತಕದ ಹಾಳೆಯ ಹಿಂಬದಿಯಲ್ಲಿತ್ತು. ವಾಪಸ್ ಬಂದ ಎರಡು ರಬ್ಬರ್ ಬುಷ್‌ಗಳ ಜೊತೆ ಗೋಣಿದಾರದಲ್ಲಿ ಕಟ್ಟಿಸಿಕೊಂಡು ಕಂಡಕ್ಟರನ ಕೈಯಿಂದ ಮಾಸೂಮಾಳ ಕೈಗೆ ಇಳಿಯಿತು.

"ಹಯಾತ್ ಸಾಬರಿಗೆ. ನಿಮ್ಮ ಬುಷ್ ಮೂರನೇ ಸಲ ವಾಪಸ್. ಕಾರು ಮೊದಲಿಗಿಂತ ಜೋರಾಗಿ ಬಡಿಯುತ್ತಿದೆ. ಕಣ್ಣು ಕಾಣದಿದ್ದರೆ ಕೆಲಸ ಬಿಡಿ, ಅದರಲ್ಲಿ ನಾಚಿಕೆ ಏನಿಲ್ಲ. ಬುಷ್ ಮಾಡುವುದೆಂದರೆ ವಡೆ ಕರಿಯುವುದಲ್ಲ. – ಖುದ್ದೂಸ್, ಪಿ.ಬಿ. ರಸ್ತೆ."

ಮಾಸೂಮಾ ಅದನ್ನು ಎರಡು ಸಲ ಓದಿದಳು. ಮೊದಲ ಸಲ ಕಿವಿ ಬಿಸಿಯಾಯಿತು. ಎರಡನೆಯ ಸಲ ಕೈ ತಣ್ಣಗಾಯಿತು.

ಹಯಾತ್ ಸಾಬರ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಹರಿಹರದ ಲೇತ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅಳತೆ ತಪಾಸಣೆ ಮಾಡಿದ ಮನುಷ್ಯ ಈಗ ಕುರ್ಚಿಯಲ್ಲಿ ಕೂತು ಬೆರಳಿನಿಂದಲೇ ರಬ್ಬರಿನ ಗಟ್ಟಿತನ ಹೇಳುತ್ತಿದ್ದರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಚ್ಚು ಹಾಕುವುದು, ಪ್ರೆಸ್ ತಿರುಗಿಸುವುದು, ಅಳೆಯುವುದು, ಪಾರ್ಸಲ್ ಕಟ್ಟುವುದು ಎಲ್ಲ ಇಪ್ಪತ್ತಾರು ವರ್ಷದ ಮಗಳು ಮಾಸೂಮಾಳದೇ. ಚೀಟಿ ಬರೆದವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಇಷ್ಟು ಧೈರ್ಯವಾಗಿ ಬರೆಯುವವರ ಮೇಲೆ ಅವಳಿಗೆ ಮೊದಲಿನಿಂದಲೂ ಸಿಟ್ಟು.

"ಏನಂತೆ?" ಎಂದರು ಹಯಾತ್ ಸಾಬ್.

"ಬುಷ್ ವಾಪಸ್ ಬಂದಾವೆ, ಅಬ್ಬಾ."

"ಮತ್ತೇನು ಬರ್ದಾನೆ?"

"ಇನ್ನೇನಿಲ್ಲ."

ಅಪ್ಪನಿಗೆ ಸುಳ್ಳು ಹೇಳಬೇಕಾಗಿ ಬಂದದ್ದು ಅವಳ ಸಿಟ್ಟಿಗೆ ಇನ್ನೊಂದು ಸೇರು ಸೇರಿಸಿತು.

ವಿಷಯ ಒಂದು ಜೊತೆ ಬುಷ್‌ನದಷ್ಟೇ ಆಗಿದ್ದರೆ ಅವಳು ಚೀಟಿಯನ್ನು ಒಲೆಗೆ ಹಾಕುತ್ತಿದ್ದಳು. ಆದರೆ ಆ ಕಾರು ದಾವಣಗೆರೆಯ ಹತ್ತಿ ವ್ಯಾಪಾರಿ ಬಕ್ಕೇಶಪ್ಪನವರ ಫಿಯಟ್. ಅವರ ಜಿನ್ನಿಂಗ್ ಮಿಲ್ಲಿಗೆ ಬೇಕಾದ ರಬ್ಬರ್ ಸಾಮಾನೆಲ್ಲ ಹೋಗುವುದು ಇದೇ ಶೆಡ್ಡಿನಿಂದ. ಆ ಆರ್ಡರ್ ನಿಂತರೆ ಪ್ರೆಸ್ ನಿಲ್ಲುತ್ತದೆ. ಒಂದು ಕಾರಿನ ಬುಷ್ ಸರಿಯಾಗಿ ಮಾಡಲಾರದವರು ಮಿಲ್ಲಿನ ಕೆಲಸ ಹೇಗೆ ಮಾಡುತ್ತಾರೆಂದು ಬಕ್ಕೇಶಪ್ಪ ಮಂಡಿಪೇಟೆಯಲ್ಲಿ ನಾಲ್ಕು ಜನರ ಎದುರು ಕೇಳಿದ್ದರಂತೆ. ಕಂಡಕ್ಟರ್ ಗಿಡ್ಡಪ್ಪ ಪಾರ್ಸಲ್ಲಿನ ಜೊತೆ ಆ ಸುದ್ದಿಯನ್ನೂ ಇಳಿಸಿಯೇ ಹೋಗಿದ್ದ.

ಮಾಸೂಮಾ ಪ್ರೆಸ್ಸಿನ ಸ್ವಿಚ್ ಆರಿಸಿದಳು. ಅಪ್ಪನ ವರ್ನಿಯರ್ ಮಾಪಕವನ್ನು ಮಲ್‌ಬಟ್ಟೆಯಲ್ಲಿ ಸುತ್ತಿ ಟಿಫಿನ್ ಚೀಲಕ್ಕೆ ಹಾಕಿದಳು. ಆರು ಬುಷ್‌ಗಳನ್ನೂ ಮೂರು ಚೀಟಿಗಳನ್ನೂ ಅದರ ಮೇಲಿಟ್ಟು ದುಪಟ್ಟಾ ತಲೆಗೆ ಎಳೆದುಕೊಂಡು ಬಸ್ ನಿಲ್ದಾಣದ ಕಡೆ ಹೊರಟಳು.

"ಎಲ್ಲಿಗೆ?" ಎಂದು ತಾಯಿ ಬೀಬಿಜಾನ್ ಅಡುಗೆಮನೆಯಿಂದ ಕೂಗಿದರು.

"ವಡೆ ಕರಿಯೋಕೆ!"

*

ಪಿ.ಬಿ. ರಸ್ತೆಯ ಆ ಗ್ಯಾರೇಜಿನಲ್ಲಿ ಹಸಿರು ಫಿಯಟ್ ಒಂದು ಜಾಕಿಯ ಮೇಲೆ ನಿಂತಿತ್ತು. ಅದರ ಅಡಿಯಿಂದ ಎರಡು ಉದ್ದ ಕಾಲುಗಳು ಹೊರಬಂದಿದ್ದವು. ಒಂದು ಕಾಲಿನ ಚಪ್ಪಲಿಗೆ ಹೊಸ ಬಾರು ಹಾಕಿಸಿದ್ದು ಕಂಡಿತು.

"ಖುದ್ದೂಸ್ ಅಂದ್ರೆ ಯಾರ್ರಿ?"

"ನಾನೇ. ಹತ್ತು ನಿಮಿಷ ಕೂಡ್ರಿ," ಎಂದಿತು ಕಾರಿನ ಅಡಿ.

"ಕೂಡೋಕೆ ಬಂದಿಲ್ಲ. ಹೊರಗೆ ಬರ್ರಿ."

ಕಾಲುಗಳು ಒಂದು ಕ್ಷಣ ಯೋಚಿಸಿದವು. ಆಮೇಲೆ ಉಳಿದ ಮನುಷ್ಯ ಹೊರಬಂದ. ಮೂವತ್ತರ ಆಸುಪಾಸು. ಹಣೆಯ ಮೇಲೆ ಗ್ರೀಸಿನ ಗೆರೆ. ಕಣ್ಣುಗಳು ಮಾತ್ರ ಯಾವ ಕಲೆಯೂ ಇಲ್ಲದೆ ಶುಭ್ರವಾಗಿದ್ದವು. ಅದನ್ನು ಗಮನಿಸಿದ್ದಕ್ಕೆ ಮಾಸೂಮಾಳಿಗೆ ತನ್ನ ಮೇಲೆಯೇ ಕೋಪ ಬಂತು.

ಅವಳು ಚೀಟಿ ಚಾಚಿದಳು. "ಇದು ನಿಮ್ಮ ಅಕ್ಷರಾನಾ?"

"ಹೌದು. ಹಯಾತ್ ಸಾಬರು ಕಳಿಸಿದ್ರಾ? ನೀವು ಅವರ..."

"ಮಗಳು. ಈ ಆರೂ ಬುಷ್ ಮಾಡಿದಾಕಿ. ವಡೆ ಕರಿಯೋದು ನಮ್ಮ ಅಮ್ಮ. ಕಣ್ಣು ಕಾಣದೇ ಇರೋದು ಅಬ್ಬಾಗೆ. ಯಾರಿಗೆ ಏನು ಬರೀಬೇಕಂತ ತಿಳ್ಕೊಂಡು ಬರೀರಿ ಅಂತ ಹೇಳೋಕೆ ಬಂದೀನಿ."

ಇಬ್ಬರ ಮನೆಮಾತೂ ಉರ್ದುವೇ. ಆದರೂ ಅವಳು ಕನ್ನಡದಲ್ಲೇ ಹೇಳಿದಳು. ವ್ಯವಹಾರದ ಜಗಳಕ್ಕೆ ಪೇಟೆಯ ಭಾಷೆಯೇ ಸರಿ, ನಾಲ್ಕು ಅಂಗಡಿಯವರಿಗೂ ಕೇಳಿಸುತ್ತದೆ.

ಖುದ್ದೂಸ್ ಚೀಟಿಯನ್ನು ಯಾರೋ ಬೇರೆಯವರು ಬರೆದದ್ದೇನೋ ಎಂಬಂತೆ ನೋಡಿದ. "ನಿಜವಾಗ್ಲೂ ಕಣ್ಣು..."

"ಪೊರೆ."

"ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದಿದ್ದಕ್ಕೇ ಮೂರು ಚೀಟಿ. ಗೊತ್ತಿದ್ರೆ ಎಷ್ಟು ಬರೀತಿದ್ರೋ!"

ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಯಾರೋ ನಕ್ಕರು. ಖುದ್ದೂಸನ ಕಿವಿ ಕೆಂಪಾಯಿತು. ಆದರೆ ಅವನೂ ಸುಮ್ಮನೆ ಬಾಗುವ ಪೈಕಿಯಲ್ಲ.

"ತಪ್ಪಾಗೈತೆ, ಮಾತು ತಪ್ಪಾಗೈತೆ. ಆದ್ರೆ ಬುಷ್ ಬಡೀತೈತಲ್ರಿ. ಅದಕ್ಕೇನಂತೀರಿ?"

"ರಾಡ್ ತೋರ್ಸ್ರಿ."

ಕಾರು ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲದಂತೆ ತಡೆಯಲು ಮುಂದಿನ ಎರಡು ಗಾಲಿಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ರಾಡ್ ಇರುತ್ತದೆ. ಅದನ್ನು ಕಾರಿನ ಅಡಿಗೆ ಬಿಗಿಯುವ ಎರಡು ಕಡೆ ರಬ್ಬರ್ ಬುಷ್ ತೊಡಿಸಿ, ಮೇಲೊಂದು ಕಬ್ಬಿಣದ ಪಟ್ಟಿ ಕೂರಿಸುತ್ತಾರೆ. ರಬ್ಬರು ರಾಡನ್ನು ಹಿಡಿದಿರಬೇಕು. ಸಡಿಲವಾದರೆ ರಸ್ತೆಯ ಪ್ರತಿ ಗುಂಡಿಗೂ ಟಕ್ ಎನ್ನುತ್ತದೆ.

ಮಾಸೂಮಾ ಮಂಡಿಯೂರಿ ಬಗ್ಗಿ ನೋಡಿದಳು. ಒಂದು ನೋಟಕ್ಕೇ ಹುಬ್ಬು ಗಂಟಾಯಿತು.

"ಇದು ಕಂಪನಿ ರಾಡ್ ಅಲ್ಲ."

"ಅಲ್ಲ. ಸಾವ್ಕಾರ್ರು ಕೊಯಮತ್ತೂರಿಂದ ತರಿಸಿದ್ದು. ಅವರ ಮನೆಯವ್ರಿಗೆ ಕಾರು ವಾಲಾಡಿದ್ರೆ ವಾಂತಿ ಆಗ್ತೈತೆ. ಅದಕ್ಕೇ ದಪ್ಪಂದು ಹಾಕ್ಸಿದ್ರು."

"ಅದನ್ನ ಯಾವ ಚೀಟಿನಾಗ ಬರ್ದೀರಿ?"

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸತೊಡಗಿದ.

"'ಫಿಯಟ್ ಬುಷ್, ಎರಡು' ಅಂತ ಬರ್ದೀರಿ. ಅಂಗಡಿಗೆ ಹೋದಾಗ್ಲೂ ಹಂಗೇ ಕೇಳಿರ್ತೀರಿ."

"ಕೇಳಿದ್ದೆ. ಅಂಗಡಿಯದು ರಾಡ್‌ಗೆ ಹತ್ತಲೇ ಇಲ್ಲ. ಅದಕ್ಕೇ ಹಳೇ ಬುಷ್ ನಮೂನೆ ಕಳಿಸಿದ್ನಲ್ಲ ನಿಮಗೆ!"

ನಮೂನೆ. ದಾವಣಗೆರೆ, ಹರಿಹರದ ಪೇಟೆಗಳಲ್ಲಿ ಬಿಡಿಭಾಗದ ವ್ಯಾಪಾರ ನಡೆಯುವುದೇ ಆ ಒಂದು ಮಾತಿನ ಮೇಲೆ. ಅಳತೆ ಯಾರೂ ಹೇಳುವುದಿಲ್ಲ. ಹಳೆಯದನ್ನು ಕೌಂಟರಿನ ಮೇಲಿಡುತ್ತಾರೆ, ಅಂಥದ್ದೇ ಹೊಸದನ್ನು ಒಯ್ಯುತ್ತಾರೆ. ಮಾಸೂಮಾಳೂ ಹಾಗೆಯೇ ಮಾಡಿದ್ದಳು. ಬಂದ ಹಳೆಯ ಬುಷ್ಷಿನ ತೂತು ಇಪ್ಪತ್ತೊಂದೂವರೆ ಮಿಲಿಮೀಟರ್ ಇತ್ತು. ಕೂದಲೆಳೆ ತಪ್ಪದಂತೆ ಇಪ್ಪತ್ತೊಂದೂವರೆಯದನ್ನೇ ಮಾಡಿ ಕಳಿಸಿದ್ದಳು. ಮೂರು ಸಲ.

ಅವಳು ವರ್ನಿಯರ್ ತೆಗೆದಳು. ರಾಡಿನ ಮೇಲಿನ ಮಣ್ಣನ್ನು ದುಪಟ್ಟಾದ ತುದಿಯಿಂದಲೇ ಒರೆಸಿ ಮಾಪಕದ ದವಡೆ ಹಿಡಿಸಿದಳು. ಸ್ಕ್ರೂ ಬಿಗಿದು ಬೆಳಕಿಗೆ ತಂದು ಓದಿದಳು.

ಹತ್ತೊಂಬತ್ತು.

ಅವಳು ಅಂಕಿಯನ್ನು ಅವನಿಗೂ ತೋರಿಸಿದಳು. "ಸವೆದ ನಮೂನೆ ಕಳಿಸೀರಿ. ನಾನು ಸವೆತಾನೂ ಸೇರ್ಸಿ ಹೊಸದು ಮಾಡಿ ಕೊಟ್ಟೀನಿ."

"ಅಂದ್ರೆ ತಪ್ಪು ಇಬ್ಬರದ್ದೂ," ಎಂದ ಖುದ್ದೂಸ್, ಸ್ವಲ್ಪ ಗೆಲುವಾಗಿಯೇ.

"ನಿಮ್ಮದು ಮೊದಲು," ಎಂದಳು ಮಾಸೂಮಾ. ಬುಷ್ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದಳು. ಅದು ನೆನೆದ ಬೆಲ್ಲದ ಹಾಗೆ ಮೆತ್ತಗಿತ್ತು. "ಇದಕ್ಕೆ ಏನು ಸವರಿದ್ರಿ?"

"ಗ್ರೀಸ್. ಸದ್ದು ಕಮ್ಮಿ ಆಗ್ಲಿ ಅಂತ."

"ಯಾ ಅಲ್ಲಾ! ರಬ್ಬರ್‌ಗೆ ಗ್ರೀಸಾ? ಊದ್ಕೊಂಡು ಕೊಳೀತೈತೆ. ಸೋಪಿನ ನೀರು ಹಚ್ಚಿ ಕೂರಿಸ್ಬೇಕು. ಇದನ್ನೂ ಜಾಕಿ ಮೇಲೆ ಇಟ್ಟೇ ಬಿಗಿದ್ರಾ?"

"ಮತ್ತೆ ಹೆಂಗೆ ಬಿಗೀಲಿ?"

"ಗಾಲಿ ನೆಲಕ್ಕೆ ಊರಿ ಕಾರಿನ ಭಾರ ಬಿದ್ದ ಮೇಲೆ ಬಿಗೀಬೇಕು. ಗಾಲಿ ಜೋತಾಡ್ತಿರುವಾಗ ಬಿಗಿದ್ರೆ ಕೆಳಗೆ ಇಳಿಸಿದ ಕೂಡ್ಲೇ ರಬ್ಬರ್ ತಿರುಚ್ಕೊಳ್ತೈತೆ. ಇಷ್ಟೂ ಗೊತ್ತಿಲ್ದೆ ಕಂಡೋರ ಕಣ್ಣಿನ ಬಗ್ಗೆ ಬರೀತಾರಂತೆ!"

ಖುದ್ದೂಸನ ಗ್ರೀಸು ಮೆತ್ತಿದ ಮುಖದಲ್ಲಿ ಒಂದು ನಗು ಹೊರಬರಲು ದಾರಿ ಹುಡುಕುತ್ತಿತ್ತು. ಬೈಸಿಕೊಳ್ಳುತ್ತ ಸಂತೋಷಪಡುವ ಮನುಷ್ಯನನ್ನು ಅವಳು ಅದೇ ಮೊದಲು ಕಂಡದ್ದು.

ಅದೇ ಹೊತ್ತಿಗೆ ಬಕ್ಕೇಶಪ್ಪ ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ.

"ಏನಪ್ಪಾ ಖುದ್ದೂಸ್, ಬಡಿಯೋದು ನಿಂತ್ತಾ? ಮಂಗಳವಾರ ನಮ್ಮನೆಯವ್ರು ತವರಿಗೆ ಹೊಂಟಾರೆ, ಭಾನುವಳ್ಳಿಗೆ. ಆ ದಿನ ಗಾಡಿ ಬಾಯಿ ಮುಚ್ಕೊಂಡಿರ್ಬೇಕು. ಇಲ್ಲಾಂದ್ರೆ ಮಿಲ್ಲಿನ ರಬ್ಬರ್‌ನೂ ಹುಬ್ಬಳ್ಳಿಯಿಂದ ತರಿಸ್ತೀನಿ. ಆ ಹರಿಹರದೋರ ಕೆಲಸ ಬರೀ ಖೋಟಾ. ಹೌದಲ್ಲೋ?"

ಮಾಸೂಮಾ ಖುದ್ದೂಸನ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ತಪ್ಪು ನನ್ನದೂ ಐತೆ ಸಾವ್ಕಾರ್ರೆ, ಇಷ್ಟೇ.

ಖುದ್ದೂಸ್ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತ ನಿಂತ. "ನೋಡ್ತಿದೀನ್ರಿ," ಎಂದ.

"ನಾನೇ ಹರಿಹರದೋಳು," ಎಂದಳು ಮಾಸೂಮಾ. "ಮಂಗಳವಾರ ಕಾರು ಸದ್ದು ಮಾಡಲ್ರಿ."

ಬಕ್ಕೇಶಪ್ಪ ಅವಳನ್ನೂ ವರ್ನಿಯರನ್ನೂ ಒಮ್ಮೆ ನೋಡಿ, "ನೋಡೋಣ ತಾಯಿ," ಎಂದು ಹೊರಟುಹೋದರು.

ಅವಳು ಚೀಲ ಹೆಗಲಿಗೇರಿಸಿಕೊಂಡಳು. ಈಗ ದನಿ ಏರಿಸಲಿಲ್ಲ. ಅಂಗಡಿಯವರಿಗೆ ಕೇಳಿಸಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.

"ಬರೆಯೋಕೆ ಮೂರು ಸಲ ಕೈ ಬಂತು ನಿಮಗೆ. ಹೇಳೋಕೆ ಒಂದ್ಸಲ ಬಾಯಿ ಬರ್ಲಿಲ್ಲ."

*

ಮನೆ ಸೇರಿ ಚಹ ಕುಡಿಯುವಾಗ ಅವಳಿಗೆ ನೆನಪಾಯಿತು: ರಬ್ಬರನ್ನು ಅದುಮಿ ಹಿಡಿಯುವ ಕಬ್ಬಿಣದ ಪಟ್ಟಿಯನ್ನು ಅಳೆದೇ ಇರಲಿಲ್ಲ.

ರಾಡಿನ ದಪ್ಪ ಬುಷ್ಷಿನ ಒಳಗಿನ ತೂತನ್ನು ಹೇಳುತ್ತದೆ. ಹೊರಗಿನ ಆಕಾರವನ್ನು ಹೇಳುವುದು ಪಟ್ಟಿ. ಕಂಪನಿಯ ರಾಡ್ ಅಲ್ಲವೆಂದ ಮೇಲೆ ಪಟ್ಟಿಯೂ ಕಂಪನಿಯದಲ್ಲ. ಸವೆದ ಬುಷ್ಷಿನ ಹೊರಮೈಯನ್ನು ನಂಬಿದರೆ ಮತ್ತದೇ ತಪ್ಪು. ಅಳೆಯಲು ಹೋದವಳು ಜಗಳ ಮಾಡಿ ಬಂದಿದ್ದಳು.

ಒಂದು ಚೀಟಿ ಬರೆದು ಬಸ್ಸಿಗೆ ಕೊಟ್ಟರೆ ಆಗುತ್ತಿತ್ತು. ಶುಕ್ರವಾರ ಇಡೀ ದಿನ ಅವಳು ಪೆನ್ನು ಹಿಡಿಯಲಿಲ್ಲ. ಅವನಿಗೆ ತಾನು ಬರೆಯುವುದೇ? ಅಪ್ಪನ ಹಳೆಯ ಸ್ನೇಹಿತರೊಬ್ಬರ ಲೇತ್‌ನಲ್ಲಿ ಅಚ್ಚಿನಲ್ಲಿ ತೂತು ಮೂಡಿಸುವ ನಡುಗೂಟವನ್ನು ಹದಿನೆಂಟೂವರೆಗೆ ಕಡೆಸಿ ತಂದಳು. ರಬ್ಬರು ರಾಡನ್ನು ಬಿಗಿದಪ್ಪಬೇಕಾದರೆ ತೂತು ಅರ್ಧ ಮಿಲಿಮೀಟರ್ ಸಣ್ಣದಿರಬೇಕು. ಅಲ್ಲಿಗೆ ಕೆಲಸ ನಿಂತಿತು.

ಶನಿವಾರ ಹನ್ನೊಂದು ಗಂಟೆಯ ಬಸ್ಸಿನ ಹಾರನ್ ಕೇಳಿ ಅವಳು ಹೊರಗೆ ಬಂದಾಗ ಗಿಡ್ಡಪ್ಪ ಬಸ್ಸಿನ ಬಾಗಿಲಲ್ಲಿ ನಿಂತು ಯಾರನ್ನೋ ಬೈಯುತ್ತಿದ್ದ. "ಮಾರಾಯ, ಇದಕ್ಕೆ ಲಗೇಜ್ ಟಿಕೆಟ್ ಕೊಡ್ಲೋ, ಇಲ್ಲ ಇದೂ ಒಬ್ಬ ಪ್ಯಾಸೆಂಜರ್ ಅಂತ ಫುಲ್ ಟಿಕೆಟ್ ಕೊಡ್ಲೋ? ಎರಡು ಸೀಟು ಹಿಡೀತಲ್ಲೋ!"

ಬಸ್ಸಿನಿಂದ ಮೊದಲು ಒಂದು ಬಾಗಿದ ಉಕ್ಕಿನ ತುದಿ ಇಳಿಯಿತು. ಹಿಂದೆ ಖುದ್ದೂಸ್. ಅವನ ಹೆಗಲ ಮೇಲೆ ಬಕ್ಕೇಶಪ್ಪನವರ ಕಾರಿನ ಇಡೀ ರಾಡ್. ಬಣ್ಣವನ್ನು ಬುಷ್ ಕೂರುವ ಎರಡು ಕಡೆ ನೀಟಾಗಿ ಕೆರೆದಿದ್ದ. ಅಂಗಿ ಇಸ್ತ್ರಿಯದು. ಅದರ ಮೇಲೆ ರಾಡಿನ ತುಕ್ಕು ಒಂದು ಗೆರೆ ಎಳೆದಿತ್ತು.

"ನಮೂನೆ ನಂಬಬಾರ್ದು ಅಂದ್ರಲ್ಲ," ಎಂದ. "ಅಸಲನ್ನೇ ತಂದೀನಿ."

ಜೇಬಿನಿಂದ ಎರಡು ಕಬ್ಬಿಣದ ಪಟ್ಟಿಗಳನ್ನು ತೆಗೆದು ಅವಳ ಕೈಗಿಟ್ಟ.

ಬೇಕಾದದ್ದೇ ಬಂದಿತ್ತು. ಕೇಳದೇ ಬಂದಿತ್ತು. ಮಾಸೂಮಾಳಿಗೆ ಅದೂ ಒಂದು ಅವಮಾನವಾಗಿ ಕಂಡಿತು. "ಒಳಗೆ ಬರ್ರಿ. ಚಪ್ಪಲಿ ಹೊರಗೆ ಬಿಡ್ರಿ," ಎಂದಳು ಬಿಗಿಯಾಗಿ.

ಖುದ್ದೂಸ್ ಶೆಡ್ಡಿಗೆ ಹೋಗುವ ಮೊದಲು ಹಯಾತ್ ಸಾಬರ ಕುರ್ಚಿಯ ಮುಂದೆ ನಿಂತ. ಸಲಾಂ ಹೇಳಿ, ಜೇಬಿನಿಂದ ಒಂದು ಹಾಳೆ ತೆಗೆದು ತಾನೇ ಓದಿದ. ಈ ಸಲದ್ದು ಬಿಲ್ಲಿನ ಹಿಂಬದಿಯಲ್ಲ, ಗೆರೆ ಹಾಕಿದ ಪೂರ್ತಿ ಹಾಳೆ.

"ಬಕ್ಕೇಶಪ್ಪನವರಿಗೆ. ಕಾರು ಬಡಿಯುವುದಕ್ಕೆ ಹರಿಹರದ ರಬ್ಬರ್ ಕಾರಣವಲ್ಲ. ರಾಡ್ ಹೊರಗಿನದೆಂದು ನಾನು ತಿಳಿಸಲಿಲ್ಲ. ಸವೆದ ನಮೂನೆ ಕಳಿಸಿದೆ. ಬುಷ್‌ಗೆ ಗ್ರೀಸ್ ಸವರಿದೆ. ಜಾಕಿಯ ಮೇಲೆ ಬಿಗಿದೆ. ಇವೆಲ್ಲ ನನ್ನ ತಪ್ಪು. – ಖುದ್ದೂಸ್." ಓದಿ ಮುಗಿಸಿ, "ನಿನ್ನೆ ನಮಾಜಿಗೆ ಮುಂಚೆ ಅವರ ಕೈಗೇ ಕೊಟ್ಟು, ಬಾಯಲ್ಲೂ ಹೇಳಿ ಬಂದೀನಿ. ಇದು ನಕಲು," ಎಂದ. ಆಮೇಲೆ ದನಿ ತಗ್ಗಿಸಿ ಉರ್ದುವಿನಲ್ಲಿ ಒಂದೇ ಮಾತು ಸೇರಿಸಿದ. "ಮಾಫ್ ಕರೋ, ಚಾಚಾ."

"ಯಾತಕ್ಕಪ್ಪಾ ಮಾಫು?" ಎಂದರು ಹಯಾತ್ ಸಾಬ್. ಮಗಳು ಅವರಿಗೆ ಚೀಟಿಯನ್ನು ಓದಿ ಹೇಳಿರಲೇ ಇಲ್ಲ.

ಖುದ್ದೂಸ್ ಗಾಬರಿಯಿಂದ ಮಾಸೂಮಾಳ ಕಡೆ ನೋಡಿದ. ಅವಳು ಸಹಾಯ ಮಾಡಲಿಲ್ಲ. ಗೋಡೆಗೆ ಒರಗಿ ನಿಂತು, ಅವನು ಆ ವಡೆಯ ಮಾತನ್ನೂ ಕಣ್ಣಿನ ಮಾತನ್ನೂ ತನ್ನ ಬಾಯಿಂದಲೇ ಹೇಳಿ ಮುಗಿಸುವವರೆಗೆ ಕಾದಳು. ಅವನು ಒಂದನ್ನೂ ಬಿಡದೆ ಹೇಳಿದ. ಹಯಾತ್ ಸಾಬ್ ಬಹಳ ಹೊತ್ತು ನಕ್ಕರು. ಅವಳಿಗೆ ನಗು ಬರಲಿಲ್ಲ. ಆದರೆ ಎದೆಯಲ್ಲಿ ಬಿಗಿದಿದ್ದ ಒಂದು ನಟ್ಟು ಅರ್ಧ ಸುತ್ತು ಸಡಿಲವಾದದ್ದು ಮಾತ್ರ ನಿಜ.

ಪಟ್ಟಿ ಅಳೆದು, ಅಚ್ಚು ಸರಿಪಡಿಸಿ, ರಬ್ಬರು ತುಂಬಿ ಪ್ರೆಸ್ ಬಿಗಿದಾಗ ಮಧ್ಯಾಹ್ನ ಎರಡಾಗಿತ್ತು. ಬೇಯಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಇಬ್ಬರೂ ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತರು.

"ಪ್ರೆಸ್ ತಿರುಗಿಸೋಕೆ ಬಲ ಬೇಕಲ್ರಿ," ಎಂದ ಖುದ್ದೂಸ್ ಕೊನೆಗೆ.

"ಐತೆ."

"ಕೈ ಸುಟ್ಟೈತೆ."

"ಸುಡ್ತೈತೆ. ವಡೆ ಕರಿಯೋವಾಗ್ಲೂ ಸುಡ್ತೈತೆ."

"ಆ ಮಾತು ಇನ್ನೆಷ್ಟು ದಿನ ಹೇಳ್ತೀರಿ?"

"ಲೆಕ್ಕ ಹಾಕಿಲ್ಲ."

ಅವನು ನಕ್ಕ. ಅವಳು ಗಡಿಯಾರದತ್ತ ತಿರುಗಿದಳು. ಆದರೆ ತಿರುಗುವ ಮುಂಚೆ ಕಣ್ಣಿನ ತುದಿ ಒಂದು ಕ್ಷಣ ತಡವಾಯಿತು. ಆ ಒಂದು ಕ್ಷಣವನ್ನು ಅವನು ಹಿಡಿದುಬಿಟ್ಟ.

ಅಚ್ಚು ತೆರೆದಾಗ ಬಿಸಿ ರಬ್ಬರಿನ ವಾಸನೆ ಶೆಡ್ಡು ತುಂಬಿತು. ಅವಳು ಹಯಾತ್ ಸಾಬರ ಕೈಗೆ ಒಂದನ್ನು ಕೊಟ್ಟಳು. ಅವರು ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ಗೀರಿ, ತೂತಿನೊಳಗೆ ಕಿರುಬೆರಳು ತಿರುಗಿಸಿ, "ಪಾಸ್," ಎಂದರು. ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಹೇಳಿದ ಅದೇ ಧಾಟಿಯಲ್ಲಿ.

*

ಸೋಮವಾರ ಬುಷ್ ಕೂರಿಸುವಾಗ ಮಾಸೂಮಾ ತಾನೇ ಹೋಗಿ ನಿಂತಳು. ಅಪ್ಪನನ್ನೂ ಕರೆದುಕೊಂಡು ಹೋಗಿದ್ದಳು. ಖುದ್ದೂಸ್ ಕಾರನ್ನು ಕೆಳಗಿಳಿದು ಕೆಲಸ ಮಾಡುವ ಗುಂಡಿಯ ಮೇಲೆ ನಿಲ್ಲಿಸಿದ್ದ, ನಾಲ್ಕೂ ಗಾಲಿ ನೆಲದ ಮೇಲೆ. ಸೋಪಿನ ನೀರಿನ ಬಟ್ಟಲು ಪಕ್ಕದಲ್ಲಿತ್ತು. ಗ್ರೀಸಿನ ಡಬ್ಬಿಯನ್ನು ಯಾರಿಗೂ ಕಾಣದಂತೆ ದೂರದ ಗೂಡಿನಲ್ಲಿಟ್ಟಿದ್ದ. ಅದು ಅವಳಿಗೆ ಕಂಡಿತು.

ಬುಷ್ಷಿನ ಒಂದು ಬದಿಯ ಸೀಳು ಬಿಡಿಸಿ ರಾಡಿಗೆ ತೊಡಿಸಿದಾಗ ಅದು ಅಂಗೈ ಹಿಡಿದಂತೆ ಹಿಡಿಯಿತು. ಪಟ್ಟಿ ಕೂರಿಸಿ ಬೋಲ್ಟ್ ಬಿಗಿದ. "ಸಾಕಾ?" "ಇನ್ನರ್ಧ ಸುತ್ತು." "ಈಗ?" "ಹ್ಞೂಂ."

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹಸಿರು ಫಿಯಟ್ ಹರಿಹರದ ಶೆಡ್ಡಿನ ಮುಂದೆ ಬಂದು ನಿಂತಿತು. ಬಂದದ್ದು ಗೊತ್ತೇ ಆಗಲಿಲ್ಲ. ಮಾಸೂಮಾ ಬೆಳಗಿನಿಂದ ಕಿವಿಗೊಟ್ಟು ಕಾದಿದ್ದದ್ದು ಆ ಟಕ್ ಎಂಬ ಸದ್ದಿಗೆ. ಕೇಳಿಸಿದ್ದು ಬಾಗಿಲು ತೆರೆದ ಸದ್ದು ಮಾತ್ರ.

ಹಿಂದಿನ ಸೀಟಿನಿಂದ ಬಕ್ಕೇಶಪ್ಪನವರ ಹೆಂಡತಿ ಕಸ್ತೂರಮ್ಮ ಇಣುಕಿದರು. ಬಾಯಿಗೆ ಹಾಕಿಕೊಂಡಿದ್ದ ನಿಂಬೆಹುಳಿ ಪೆಪ್ಪರಮಿಂಟನ್ನು ದವಡೆಗೆ ಸರಿಸಿ ಹೇಳಿದರು: "ಯವ್ವಾ, ನೀನೇ ಏನು ರಬ್ಬರ್ ಮಾಡಿದಾಕಿ? ಆರು ತಿಂಗಳಿಂದ ನಾನು ತವರಿಗೆ ಹೋಗೋದು ದಾರಿಯ ಊರಿಗೆಲ್ಲ ಡಂಗುರ ಸಾರಿದಂಗಾಗ್ತಿತ್ತು. ಇವತ್ತು ನೋಡು, ಕಾರಿನಾಗೆ ನನ್ನ ಗಂಡನ ಗೊರಕೆ ಬಿಟ್ರೆ ಇನ್ನೊಂದು ಸದ್ದಿಲ್ಲ."

ಮುಂದಿನ ಸೀಟಿನಲ್ಲಿದ್ದ ಬಕ್ಕೇಶಪ್ಪ ಗಂಟಲು ಸರಿಮಾಡಿಕೊಂಡರು. "ಮಿಲ್ಲಿನ ಆರ್ಡರ್ ಮೊದಲಿನಂಗೇ ನಿಮಗೇ. ಖೋಟಾ ಅಂದಿದ್ದೆ. ತಪ್ಪಾಯ್ತು ತಾಯಿ."

"ಮಂಡಿಪೇಟೆನಾಗ ನಾಲ್ಕು ಜನರ ಮುಂದೆ ಅಂದಿದ್ರಂತೆ," ಎಂದಳು ಮಾಸೂಮಾ. "ಇದನ್ನೂ ಅಲ್ಲೇ ಹೇಳ್ರಿ."

ಹಯಾತ್ ಸಾಬ್ ಕುರ್ಚಿಯಲ್ಲಿ ಚಡಪಡಿಸಿದರು. ಕಸ್ತೂರಮ್ಮ ಕಿಸಕ್ಕನೆ ನಕ್ಕರು. ಬಕ್ಕೇಶಪ್ಪ ಅವಳನ್ನು ದಿಟ್ಟಿಸಿ ನೋಡಿ, ಕೊನೆಗೆ ತಲೆಯಾಡಿಸಿದರು. "ಹೇಳ್ತೀನಿ. ನಾಳೆ ಸಂತೆ ಹೊತ್ತಿಗೇ ಹೇಳ್ತೀನಿ."

ಸದ್ದು ಪರೀಕ್ಷಿಸಲೆಂದು ತಾನೇ ಸ್ಟಿಯರಿಂಗ್ ಹಿಡಿದಿದ್ದ ಖುದ್ದೂಸ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಕಸ್ತೂರಮ್ಮ ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದರು. "ನಡೀಯಪ್ಪಾ," ಎಂದರು. "ಭಾನುವಳ್ಳಿ ದಾರಿ ಮುಂದೈತೆ, ಕನ್ನಡಿನಾಗಿಲ್ಲ."

*

ಮುಂದಿನ ಭಾನುವಾರ ಚೀಟಿ ಬರಲಿಲ್ಲ. ಬಂದದ್ದು ಖುದ್ದೂಸನ ತಾಯಿ ಹಜೀರಾಬೀ. ತಟ್ಟೆಯಲ್ಲಿ ಸಕ್ಕರೆ, ಅದರ ಮೇಲೆ ಕೆಂಪು ಬಟ್ಟೆ. ಮಗ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ.

ಮಾಸೂಮಾ ಒಳಗಿನ ಕೋಣೆಯಲ್ಲಿದ್ದಳು. ಹೆಂಗಸರ ಮಾತು ಪರದೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಸಂಬಂಧ, ಮನೆತನ, ಆನಗೋಡಿನ ಸೋದರಮಾವ. ಆಮೇಲೆ ಹಜೀರಾಬೀ ಕೇಳಿದರು: "ಹುಡುಗಿದು ಒಂದು ಹಳೇ ಬಳೆ ಇದ್ರೆ ಕೊಡ್ರಿ. ನಮೂನೆಗೆ. ಮದುವೆ ಬಳೆ ಅದೇ ಅಳತೆಗೆ ತರ್ತೀವಿ."

ಬೀಬಿಜಾನ್ ಟ್ರಂಕು ತೆರೆದ ಸದ್ದಾಯಿತು.

ಆ ಬಳೆ ಯಾವುದೆಂದು ಮಾಸೂಮಾಳಿಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಅವಳನ್ನು ನೋಡಲು ಬಂದಿದ್ದ ಶಿವಮೊಗ್ಗದವರು ನಮೂನೆಗೆಂದು ಒಯ್ದ ಹಸಿರು ಗಾಜಿನ ಬಳೆ. ಬಳೆಗಾರರ ಲೆಕ್ಕದಲ್ಲಿ ಎರಡು ನಾಲ್ಕಾಣೆ, ಎಂದರೆ ಎರಡೂಕಾಲು ಇಂಚಿನದು. ಮದುವೆಯಾದ ಮೇಲೆ ಹುಡುಗಿ ಶೆಡ್ಡಿಗೆ ಕಾಲಿಡಬಾರದೆಂದು ಅವರು ಹೇಳಿ ಕಳಿಸಿದ್ದರು. ಆಗಲ್ಲ ಎಂದು ಅವಳು ಹೇಳಿ ಕಳಿಸಿದ್ದಳು. ಎಂಟು ದಿನಕ್ಕೆ ಬಳೆ ಅಂಚೆಯಲ್ಲಿ ವಾಪಸ್ ಬಂದಿತ್ತು. ಹೊಂದಿಕೆಯಾಗದ ಬುಷ್ಷಿನ ಹಾಗೆ. ಅಮ್ಮ ಅದನ್ನು ಎಸೆದಿರಲಿಲ್ಲ.

ಹಳೆಯ ಸಿಟ್ಟು ಹೊಸ ಸಿಟ್ಟಿನ ಕೈ ಹಿಡಿದು ಎದ್ದಿತು. ತನ್ನನ್ನು ಒಂದು ಮಾತೂ ಕೇಳದೆ ಮತ್ತೆ ಬಳೆ! ಅದೂ ಯಾರಿಗೆ? ನಮೂನೆ ನಂಬದೆ ರಾಡನ್ನೇ ಹೊತ್ತು ತಂದವನಿಗೆ!

ಅವಳು ಪರದೆ ಸರಿಸಿ ಹೊರಬಂದಳು. ಇಬ್ಬರು ತಾಯಂದಿರೂ ಬಾಯಿ ತೆರೆದುಕೊಂಡು ನೋಡುತ್ತಿರುವಂತೆ ಬಳೆಯನ್ನು ತೆಗೆದುಕೊಂಡು ಅಂಗಳಕ್ಕೆ ಇಳಿದು, ಬೇವಿನ ಮರದ ಕೆಳಗೆ ಹೋಗಿ ನಿಂತಳು.

"ಇದನ್ನ ನಮೂನೆಗೆ ಕೇಳಿದ್ದು ನೀವಾ?"

ಖುದ್ದೂಸ್ ಬಳೆ ನೋಡಿದ. ಅವಳ ಮುಖ ನೋಡಿದ. "ಇಲ್ಲ. ಅಮ್ಮಾ ಕೇಳಿರ್ತಾಳೆ. ಎಲ್ಲರೂ ಹಂಗೇ..."

"ಎಲ್ಲರೂ ಹಂಗೇ! ಇದು ಐದು ವರ್ಷದ ಹಿಂದಿನ ಕೈ. ಆಗಿನ್ನೂ ನಾನು ಪ್ರೆಸ್ ತಿರುಗಿಸ್ತಿರ್ಲಿಲ್ಲ, ಅಬ್ಬಾಗೆ ಅಚ್ಚು ಎತ್ತಿ ಕೊಡ್ತಿದ್ದೆ ಅಷ್ಟೇ. ಈ ಅಳತೆ ನಂಬಿ ಬಳೆ ತಂದ್ರೆ ಗೆಣ್ಣಿನ ಹತ್ರನೇ ಒಡೀತಾವೆ. ಆಗ ಯಾರಿಗೆ ಚೀಟಿ ಬರೀತೀರಿ?"

ಖುದ್ದೂಸ್ ಈ ಸಲ, ಅಂದು ಸ್ಪ್ಯಾನರ್ ನೋಡಿದಂತೆ ಕಣ್ಣು ತಗ್ಗಿಸಲಿಲ್ಲ, ಅವಳನ್ನೇ ನೋಡಿದ.

"ಮೂರನೇ ಚೀಟಿ ಬರ್ದಿದ್ದಕ್ಕೆ ನಾನು ಅಲ್ಲಾಗೆ ದಿನಾ ಶುಕ್ರ್ ಹೇಳ್ತೀನಿ," ಎಂದ. "ಮೊದಲ ಎರಡಕ್ಕೆ ನೀವು ಬರ್ಲಿಲ್ಲ. ಒಳ್ಳೇ ಮಾತು ಬರ್ದಿದ್ರೆ ನಾಲ್ಕನೇ ಜೊತೆ ಬುಷ್ ಕಳಿಸ್ತಿದ್ರಿ ಅಷ್ಟೇ. ನನಗೆ ನೀವು ಬೇಕು. ಬೈಯೋದೂ ಸೇರಿ."

"ಪ್ರೆಸ್?"

"ಪ್ರೆಸ್ ಇಲ್ಲೇ ಇರ್ಲಿ. ಹರಿಹರದಾಗೇ ಮನೆ ಹಿಡೀತೀನಿ. ಗ್ಯಾರೇಜ್ ಹದಿನಾಲ್ಕು ಕಿಲೋಮೀಟರ್. ಗಿಡ್ಡಪ್ಪನ ಬಸ್ ಐತಲ್ಲ, ಪಾರ್ಸಲ್ ಬದಲು ನಾನೇ ಓಡಾಡ್ತೀನಿ."

ಜಗಲಿಯಿಂದ ಹಜೀರಾಬೀ ಕೂಗಿದರು. "ಕೇಳಿದ್ರಾ ಬೀಬಿಜಾನ್? ಸೊಸೆ ನನ್ನ ಮನೆಗೆ ಬರ್ತಾಳೆ ಅಂದ್ಕೊಂಡ್ರೆ ನಾನೇ ಸೊಸೆ ಊರಿಗೆ ಹೋಗ್ಬೇಕಂತೆ! ದಾರಿ ಉದ್ದಕ್ಕೂ ಇದೇ ಮಾತು ಇವಂದು." ದೂರಿನ ಮಾತೇ. ಆದರೆ ಬೈಯುತ್ತಲೇ ಅವರು ಬೀಬಿಜಾನ್ ಇಟ್ಟ ತಟ್ಟೆಯಿಂದ ಎರಡನೆಯ ವಡೆ ಎತ್ತಿಕೊಂಡಿದ್ದರು.

ಮಾಸೂಮಾ ಶೆಡ್ಡಿಗೆ ಹೋದಳು. ಮಲ್‌ಬಟ್ಟೆ ಬಿಚ್ಚಿ ವರ್ನಿಯರ್ ತಂದು ಖುದ್ದೂಸನ ಕೈಗೆ ಕೊಟ್ಟಳು. ಬಲಗೈ ಚಾಚಿ, ಬಳೆ ತೊಡುವಾಗ ಮಡಚುವಂತೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು.

"ಬಳೆ ಅಳೀಬ್ಯಾಡ್ರಿ. ಕೈ ಅಳೀರಿ."

ಅವನು ಜಗಲಿಯಲ್ಲಿ ಕೂತಿದ್ದ ಹಯಾತ್ ಸಾಬರ ಕಡೆ ತಿರುಗಿ ನೋಡಿದ. ಅವರು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು.

"ನನ್ನ ಯಾಕ ನೋಡ್ತೀಯಪ್ಪಾ," ಎಂದರು. "ನನಗೆ ಕಣ್ಣು ಕಾಣಲ್ಲ ಅಂತ ನೀನೇ ಬರ್ದಿದ್ದೆಯಲ್ಲ."

ಉಕ್ಕಿನ ದವಡೆ ಅವಳ ಗೆಣ್ಣುಗಳ ಎರಡು ಬದಿಗೆ ತಣ್ಣಗೆ ತಾಗಿತು. ಸುಟ್ಟ ಕಲೆಯ ಹತ್ತಿರ ಬಂದಾಗ ಅವನು ತಡೆದು, ಸ್ವಲ್ಪ ಸಡಿಲಿಸಿ, ಮತ್ತೆ ಹತ್ತಿರ ತಂದ. ಅವಳು ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದಳು. ಇತ್ತು, ಅಲ್ಲೇ ಇತ್ತು. ಆದರೆ ಬಡಿಯುತ್ತಿರಲಿಲ್ಲ.

"ಎಷ್ಟು?" ಎಂದಳು.

"ಓದೋಕೆ ಆಗ್ತಿಲ್ಲ. ನಡುಗ್ತೈತೆ."

"ನಾನು ನಡುಗ್ತಿಲ್ಲ."

"ನ-ನಾನು," ಎಂದ ಖುದ್ದೂಸ್.

ಮಾಸೂಮಾ ಎಡಗೈಯಿಂದ ಅವನ ಮಣಿಕಟ್ಟನ್ನು ಹಿಡಿದಳು, ರಾಡನ್ನು ರಬ್ಬರು ಹಿಡಿಯುವಷ್ಟೇ ಬಿಗಿಯಾಗಿ. ಸ್ಕ್ರೂ ತಿರುಗಿಸಿ, ತಲೆ ಬಗ್ಗಿಸಿ, ತಾನೇ ಓದಿದಳು.

"ಅರವತ್ತು ಚಿಲ್ಲರೆ," ಎಂದಳು. "ಬಳೆ ಲೆಕ್ಕದಾಗ ಎರಡು ಆರಾಣೆ. ಬರ್ಕೊಳ್ರಿ."

ಅವನು ಜೇಬು ತಡಕಾಡಿದ. ಬಿಲ್ಲಿನ ಹಾಳೆ ಸಿಕ್ಕಿತು, ಪೆನ್ನು ಸಿಕ್ಕಲಿಲ್ಲ. ಅವಳು ಮಣಿಕಟ್ಟು ಬಿಟ್ಟಿರಲಿಲ್ಲ.